ಕಡವೂ ಅಲ್ಲ, ಎರವಲೂ ಅಲ್ಲ

ನಮ್ಮ ಕಡೆ ಪಕ್ಕದ ಮನೆಯಿಂದ ಒಂದು ವಾಟಗ ಸಕ್ಕರೆ ತಂದರೆ ಅದು ಕಡ. ನಿಚ್ಚಣಿಕೆ ತಂದರೆ ಎರವಲು. ಕೇಳುವ ದನಿ ಎರಡಕ್ಕೂ ಒಂದೇ, ಹಿಂದಿರುಗಿಸುವ ರೀತಿ ಮಾತ್ರ ಬೇರೆ. ತಂದ ಸಕ್ಕರೆ ಚಹಾದಲ್ಲಿ ಕರಗಿಹೋಗಿರುತ್ತದೆ; ಅದನ್ನೇ ಮರಳಿಸಿ ಎಂದು ಯಾರೂ ಕೇಳುವುದಿಲ್ಲ, ಅಷ್ಟೇ ಅಳತೆಯ ಬೇರೆ ಸಕ್ಕರೆ ಕೊಟ್ಟರೆ ಮುಗಿಯಿತು. ನಿಚ್ಚಣಿಕೆ ಹಾಗಲ್ಲ. ತಂದದ್ದನ್ನೇ ಕೊಡಬೇಕು, ಮೆಟ್ಟಿಲು ಮುರಿಯದಂತೆ ಕೊಡಬೇಕು. ರೋಮನ್ನರ ಕಾನೂನಿನಲ್ಲೂ ಈ ಎರಡಕ್ಕೆ ಬೇರೆ ಬೇರೆ ಹೆಸರುಗಳಿದ್ದವು. ಅಲ್ಲಿ ಕಾನೂನು ಪಂಡಿತರು ಬರೆದಿಟ್ಟದ್ದನ್ನು ಇಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ದಿನಾ ನಡೆಸಿಕೊಂಡು ಬಂದಿದ್ದಾರೆ.

ಗ್ರಂಥಾಲಯದಿಂದ ತಂದ ಪುಸ್ತಕ ಮೇಲುನೋಟಕ್ಕೆ ನಿಚ್ಚಣಿಕೆಯ ಸಾಲಿಗೆ ಸೇರುತ್ತದೆ. ಅದೇ ಪ್ರತಿ, ಅದೇ ದಾಖಲಾತಿ ಸಂಖ್ಯೆ, ಹದಿನೈದು ದಿನದೊಳಗೆ. ಆದರೆ ಓದಿದ್ದು? ಅದು ಸಕ್ಕರೆಯ ಹಾಗೆ ಒಳಗೆ ಕರಗಿಬಿಟ್ಟಿರುತ್ತದೆ. ಮರಳಿಸುತ್ತೇನೆಂದರೂ ಮರಳಿಸಲು ಬರುವುದಿಲ್ಲ, ಅಷ್ಟೇ ಅಳತೆಯ ಬೇರೆಯದನ್ನು ಕೊಡುವ ದಾರಿಯೂ ಇಲ್ಲ. ಹಾಗಾದರೆ ಈ ಬಾಕಿ ಯಾರ ಹೆಸರಿನಲ್ಲಿ ಉಳಿಯುತ್ತದೆ? ಪುಸ್ತಕಕ್ಕಿಂತ ಸಂಗೀತದಲ್ಲಿ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದುಕೊಂಡು ಸಂಗೀತವನ್ನು ಬಿಟ್ಟು ಯೋಚಿಸುವುದೂ ಕಷ್ಟ.

ಗಂಗೂಬಾಯಿ ಹಾನಗಲ್ ಚಿಕ್ಕವರಿದ್ದಾಗ ಬೀದಿಯಲ್ಲಿ ಗ್ರಾಮೋಫೋನ್ ಹಚ್ಚಿದರೆ ಸಾಕು, ಕೇಳಲು ಓಡುತ್ತಿದ್ದರಂತೆ. ಭೀಮಸೇನ ಜೋಶಿಯವರದೂ ಅದೇ ಕಥೆ. ಗದಗಿನಲ್ಲಿ ಶಾಲೆಯಿಂದ ಬರುವಾಗ ಅಂಗಡಿಯೊಂದರ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳುತ್ತಿದ್ದ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಆ ಕಾಲದ ರೆಕಾರ್ಡಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಾಡು, ಅಷ್ಟೇ. ಅಂಗಡಿಯವನು ಸಂಗೀತ ಹಂಚಲೆಂದು ಅದನ್ನು ಹಚ್ಚಿರಲಿಲ್ಲ, ಗಿರಾಕಿ ಬರಲಿ ಎಂದು ಹಚ್ಚಿದ್ದ. ಹುಡುಗ ಏನನ್ನೂ ಕೊಳ್ಳಲಿಲ್ಲ. ಅಂಗಡಿಯವನದೂ ಏನೂ ಕಡಿಮೆಯಾಗಲಿಲ್ಲ.

ಮುಂದೆ ಆದದ್ದು ಎಲ್ಲರಿಗೂ ಗೊತ್ತಿದೆ. ಊರೂರು ಅಲೆದ ಮೇಲೆ ಭೀಮಸೇನರು ಬಂದು ನಿಂತದ್ದು ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹಿಡಿದು ಕಲಿಯಲು ಹೋಗುತ್ತಿದ್ದದ್ದೂ ಅದೇ ಮನೆಗೆ. ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಅಂದರೆ ಅಂಗಡಿಯ ಮುಂದೆ ಪುಕ್ಕಟೆ ಕೇಳಿದ ಮೂರು ನಿಮಿಷ ಆ ಹುಡುಗನನ್ನು ಸುತ್ತಿಸಿ ಸುತ್ತಿಸಿ, ಆ ದನಿ ಎಲ್ಲಿಂದ ಬಂದಿತ್ತೋ ಆ ಮನೆತನಕ್ಕೇ ತಂದು ಬಿಟ್ಟಿತು. ಗದಗಿನ ಆ ಅಂಗಡಿಯನ್ನು ನಾನು ಈ ಸೀಮೆಯ ಮೊದಲ ಸಂಗೀತ ಗ್ರಂಥಾಲಯ ಎಂದು ಲೆಕ್ಕ ಹಿಡಿಯುತ್ತೇನೆ. ಸದಸ್ಯತ್ವದ ಅರ್ಜಿಯಿಲ್ಲ, ಠೇವಣಿಯಿಲ್ಲ, ದಂಡವಿಲ್ಲ.

ಇದಕ್ಕೆ ನೇರ ಎದುರಾಗಿ ಇನ್ನೊಂದು ನಂಬಿಕೆಯೂ ಇದೇ ಸಂಗೀತದಲ್ಲಿ ಇತ್ತು. ಜೈಪುರ ಘರಾಣೆಯ ಅಲ್ಲಾದಿಯಾ ಖಾನರು ಮಾರಾಟಕ್ಕೆಂದು ಒಂದು ರೆಕಾರ್ಡನ್ನೂ ಕೊಡಲಿಲ್ಲ. ಅವರ ವಿದ್ಯೆ ಮಕ್ಕಳು ಮತ್ತು ಶಿಷ್ಯರ ಮೂಲಕವೇ ದಾಟಬೇಕಾಯಿತು. ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ಅದು ಸಿಕ್ಕಿದ್ದು ಅವರ ಮಗ ಮಂಜಿಖಾನರಿಂದ, 1937ರಲ್ಲಿ ಅವರು ತೀರಿಕೊಂಡ ಮೇಲೆ ಇನ್ನೊಬ್ಬ ಮಗ ಭೂರ್ಜಿಖಾನರಿಂದ. ವಿದ್ಯೆಯನ್ನು ಹೀಗೆ ಬಿಗಿಹಿಡಿಯುವ ರೂಢಿಯನ್ನು ಈಗಿನವರು ಜಿಪುಣತನ ಎಂದು ಸುಲಭವಾಗಿ ತಳ್ಳಿಹಾಕುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದರೊಳಗೆ ಒಂದು ಗಟ್ಟಿಯಾದ ವಾದ ಇದೆ: ವಿದ್ಯೆ ವಸ್ತುವಲ್ಲ, ಯಾರ ಕೈಗೆ ಬೀಳುತ್ತದೆ ಎನ್ನುವುದರ ಮೇಲೆ ಅದು ಬದುಕುತ್ತದೆ ಇಲ್ಲವೆ ಕೆಡುತ್ತದೆ. ಆದ್ದರಿಂದ ಕೊಡುವ ಮೊದಲು ಪಡೆಯುವವನ ಯೋಗ್ಯತೆ ನೋಡಬೇಕು.

ಧಾರವಾಡದಲ್ಲಿ ನಾನು ಓದುತ್ತಿದ್ದ ಕಾಲಕ್ಕೆ ನಮ್ಮ ಓಣಿಯಲ್ಲಿ ಹಿರಿಯರೊಬ್ಬರಿದ್ದರು. ನಿವೃತ್ತ ನೌಕರರು, ಮನೆಯ ಒಂದು ಗೋಡೆ ತುಂಬ ಕ್ಯಾಸೆಟ್ಟು. ಅಂಗಡಿಯಲ್ಲಿ ಕೊಂಡವು ಕೆಲವು, ಆಕಾಶವಾಣಿಯಿಂದ ಹಿಡಿದುಕೊಂಡವು ಕೆಲವು, ಯಾರದೋ ಮನೆಯ ಬೈಠಕ್‌ನಲ್ಲಿ ಮುಂದೆ ಕೂತು ಮುದ್ರಿಸಿಕೊಂಡವು ಕೆಲವು. ಯಾರೂ ಒರೆಸದಂತೆ ಪ್ರತಿಯೊಂದರ ಮೇಲಂಚಿನ ಎರಡು ಚಿಕ್ಕ ಹಲ್ಲುಗಳನ್ನು ಮುರಿದಿಟ್ಟಿದ್ದರು. ಕೇಳಿದವರಿಗೆ ಕೊಡುತ್ತಿದ್ದರು, ಆದರೆ ಒಂದು ಷರತ್ತು. ಹಿಂದಿನದನ್ನು ಮರಳಿಸಲು ಹೋದಾಗ ಕೇಳುತ್ತಿದ್ದರು: "ಏನ್ ಕೇಳಿದಿ ಅಂತ ಹೇಳು ತಮ್ಮಾ ಮೊದಲ. ಆಮ್ಯಾಲೆ ಮುಂದಿಂದು ಒಯ್ಯೀಯಂತ." ಹೇಳಲು ಬಾರದಿದ್ದರೆ ಅದನ್ನೇ ಮತ್ತೆ ಎಂಟು ದಿನ ಕೇಳು ಎಂದು ವಾಪಸು ಕೊಡುತ್ತಿದ್ದರು. ಅವರದು ಘರಾಣೆಗೂ ಗ್ರಂಥಾಲಯಕ್ಕೂ ನಡುವಿನ ಪದ್ಧತಿ. ಬಹಳ ವರ್ಷ ಇದೇ ಸರಿಯಾದ ಪದ್ಧತಿ ಎಂದು ನಾನು ನಂಬಿದ್ದೆ. ಈಗಲೂ ಅವರ ಆ ಪ್ರಶ್ನೆಯ ಮೇಲೆ ನನಗೆ ಗೌರವ ಇದೆ. ಅರ್ಧ ಹಾಡು ಕೇಳಿ ಮುಂದಿನದಕ್ಕೆ ಬೆರಳು ಚಾಚುವ ಈ ದಿನಗಳಲ್ಲಿ ಇನ್ನೂ ಹೆಚ್ಚು.

ಆದರೂ ಇವತ್ತು ನನ್ನ ಓಟು ಗ್ರಂಥಾಲಯದ ಕಡೆಗೆ. ಕಾರಣ ಸರಳ: ಯೋಗ್ಯತೆ ಎನ್ನುವುದು ಪಡೆದ ಮೇಲೆ ಹುಟ್ಟುತ್ತದೆ. ಗದಗಿನ ಅಂಗಡಿಯವನು ಆ ಹುಡುಗನನ್ನು ನಿಲ್ಲಿಸಿ, ನೀನು ಕೇಳಿದ್ದು ಯಾವ ರಾಗ ಹೇಳು ಎಂದಿದ್ದರೆ ಅವನಿಗೆ ಏನು ಹೇಳಲು ಬರುತ್ತಿತ್ತು? ಬಾಗಿಲಲ್ಲಿ ಪರೀಕ್ಷೆ ಇಟ್ಟರೆ ಒಳಗೆ ಬರುವವರು ಮೊದಲೇ ಬಲ್ಲವರು, ಬಲ್ಲವರ ಮಕ್ಕಳು. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದಾಗ ಮೊದಲನೆಯದನ್ನೇ ಪುಸ್ತಕದ ಬಳಕೆಗೆ ಮೀಸಲಿಟ್ಟರು. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಟ್ಟುತ್ತಿದ್ದ ಕಾಲವನ್ನು ಅವರು ಅಲ್ಲಿ ನೆನೆಯುತ್ತಾರೆ. ನಮ್ಮಲ್ಲಿ ಸರಪಳಿ ಇರಲಿಲ್ಲ, ಅರಿವೆಯ ಗಂಟು ಇತ್ತು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನದ ಓಲೆಗರಿಗಳಿಗಾಗಿ ಊರೂರು ತಿರುಗಿದರು. ದೇವರ ಮನೆಯಲ್ಲಿ ಪೂಜೆಗೊಳ್ಳುತ್ತಿದ್ದ ಗಂಟುಗಳನ್ನು ಬಿಚ್ಚಿಸಿ ಓದಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಹೊರಬಂತು, ಮುಂದೆ ಅಚ್ಚಿನ ಕೆಲಸಕ್ಕಾಗಿ ಮನೆಯನ್ನೇ ಮಾರಿದರು. ಗಂಟು ಕಟ್ಟಿಟ್ಟವರಿಗೆ ಭಕ್ತಿ ಕಡಿಮೆ ಇತ್ತು ಎಂದು ಹೇಳಲಾಗದು. ಆದರೆ ಆ ಭಕ್ತಿಯಿಂದ ಒಬ್ಬನೇ ಒಬ್ಬ ಓದುಗ ಹುಟ್ಟುತ್ತಿರಲಿಲ್ಲ.

ಇಲ್ಲಿಗೆ ಮಾತು ಮುಗಿಯುವಂತಿದ್ದರೆ ಚೆನ್ನಾಗಿತ್ತು. ಗ್ರಂಥಾಲಯದ ಈ ಉದಾರ ತತ್ತ್ವ ಒಂದು ವಿಚಿತ್ರ ಕಳ್ಳತನಕ್ಕೂ ದಾರಿ ಮಾಡುತ್ತದೆ. ನನ್ನ ಗೆಳೆಯನೊಬ್ಬ, ಬಹಳ ಓದಿದವನು, ಗ್ರಂಥಾಲಯದ ಒಂದು ಪುಸ್ತಕವನ್ನು ಮರಳಿಸಲೇ ಇಲ್ಲ. ಅದರ ಹಿಂಪುಟದ ಚೀಟಿಯಲ್ಲಿ ಅವನ ಹಿಂದಿನ ತಾರೀಖು ಹತ್ತೊಂಬತ್ತು ವರ್ಷ ಹಳೆಯದು. ಅವನ ವಾದ ಇದು: "ಹತ್ತೊಂಬತ್ತು ವರ್ಷ ಯಾರೂ ಮುಟ್ಟಿಲ್ಲ. ಅಲ್ಲಿದ್ದರೆ ಗೆದ್ದಲಿಗೆ ಊಟ. ನನ್ನ ಹತ್ರ ಇದ್ದರೆ ನಾನು ಓದತೀನಿ, ನಾಕು ಹುಡುಗರಿಗೆ ಕಲಸ್ತೀನಿ. ಪುಸ್ತಕ ಬಳಕೆಗೆ ಅಂತ ನಿಮ್ಮ ರಂಗನಾಥನ್ನೇ ಹೇಳ್ಯಾರಲ್ಲ?" ಋಷಿಋಣವನ್ನು ತೀರಿಸುವ ಬಗೆ ಓದುವುದು, ಓದಿಸುವುದು ಎಂದು ನಮ್ಮ ಪರಂಪರೆಯೂ ಹೇಳುತ್ತದೆ. ಆ ಲೆಕ್ಕದಲ್ಲಿ ಅವನು ಸಾಲ ತೀರಿಸಿಯೇ ಇದ್ದಾನೆ.

ಇದನ್ನು ಕೇಳಿ ನಗುವುದು ಸುಲಭ, ಉತ್ತರಿಸುವುದು ಅಷ್ಟು ಸುಲಭವಲ್ಲ. ಗ್ರಂಥಾಲಯ ಯಾರದು ಎಂಬಲ್ಲಿಂದ ಶುರು ಮಾಡಬೇಕು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಅದರಂತೆ ನಾವು ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಬಾಡಿಗೆಗೆ ಇರುವವರೂ ಅದನ್ನು ಬಾಡಿಗೆಯಲ್ಲಿ ಸೇರಿಸಿ ಕೊಡುತ್ತಿರುತ್ತಾರೆ. ಓದು ಬಾರದವರೂ ಕಟ್ಟಿದ್ದಾರೆ. ಹೀಗಾಗಿ ಅದು ಸರಕಾರದ ದಾನ ಅಲ್ಲ, ನನ್ನ ಗೆಳೆಯನಂಥ ಅರ್ಹರಿಗೆ ಕೊಟ್ಟ ಬಹುಮಾನವೂ ಅಲ್ಲ. ಅವನ ಪುಸ್ತಕದಲ್ಲಿ ಎಷ್ಟೋ ಜನರ ಪಾಲು ಇದೆ, ಅವರಲ್ಲಿ ಒಬ್ಬರ ಮುಖವೂ ಅವನಿಗೆ ಕಾಣುವುದಿಲ್ಲ. ಪಕ್ಕದ ಮನೆಯ ನಿಚ್ಚಣಿಕೆಯನ್ನು ಅವನು ಎಂದೂ ಇಟ್ಟುಕೊಂಡವನಲ್ಲ. ಅಲ್ಲಿ ದಿನಾ ಮುಖ ನೋಡಬೇಕಲ್ಲ.

ಇನ್ನೊಂದು ಸಂಗತಿ. ಇಪ್ಪತ್ತನೆಯ ವರ್ಷದಲ್ಲಿ ಬರುವ ಒಬ್ಬ ವಿದ್ಯಾರ್ಥಿನಿ ಕಪಾಟಿನ ಮುಂದೆ ನಿಂತು ಬೆನ್ನುಗಳ ಮೇಲೆ ಕಣ್ಣಾಡಿಸುತ್ತಾಳೆ ಎಂದಿಟ್ಟುಕೊಳ್ಳಿ. ಆ ಪುಸ್ತಕ ಅಲ್ಲಿಲ್ಲ. ಅವಳಿಗೆ ಅದರ ಹೆಸರೂ ಗೊತ್ತಿಲ್ಲ, ಆದ್ದರಿಂದ ಕೇಳುವುದಿಲ್ಲ. ಪಕ್ಕದ್ದನ್ನು ತೆಗೆದುಕೊಂಡು ಹೋಗುತ್ತಾಳೆ. ತನ್ನಿಂದ ಏನೋ ಕಿತ್ತುಕೊಂಡಿದ್ದಾರೆ ಎಂಬುದು ಅವಳಿಗೆ ಎಂದಿಗೂ ತಿಳಿಯುವುದಿಲ್ಲ. ಫಿರ್ಯಾದಿಯೇ ಇಲ್ಲದ ತಪ್ಪು ಇದು. ಕೈತಪ್ಪಿದ ಪುಸ್ತಕ ಮರಳದು ಎಂದು ಎಚ್ಚರಿಸುವ ಸಂಸ್ಕೃತದ ಹಳೆಯ ಮಾತು ನಷ್ಟವಾದದ್ದು ಕೊಟ್ಟವನಿಗೆ ಎಂದು ಹಿಡಿಯುತ್ತದೆ. ಗ್ರಂಥಾಲಯದಲ್ಲಿ ನಷ್ಟವಾಗುವುದು ಇನ್ನೂ ಬಾರದವರಿಗೆ. ಇದನ್ನು ಗೆಳೆಯನಿಗೆ ಹೇಳಿದೆ. "ಬಾರದವರಿಗೋಸ್ಕರ ಬಂದಾಂವ ಯಾಕ ಉಪಾಸ ಇರಬೇಕು?" ಎಂದ. ಆದರೆ ಹದಿನೈದು ದಿನಕ್ಕೊಮ್ಮೆ ನವೀಕರಿಸಿಕೊಂಡು ಅವನು ಜೀವನಪೂರ್ತಿ ಅದನ್ನೇ ಓದಬಹುದಿತ್ತು. ಅವನಿಗೆ ಬೇಡವಾದದ್ದು ಉಪವಾಸ ಅಲ್ಲ, ಸರದಿ.

ಪುಸ್ತಕದ ಮಾತು ಇಷ್ಟಾಯಿತು. ಸಂಗೀತದ ವಿಷಯದಲ್ಲಿ ನಮ್ಮ ಸ್ಥಿತಿ ಇನ್ನೂ ಬೇರೆ. ನಾನು ಸದಸ್ಯನಾಗಿದ್ದ ಯಾವ ಸಾರ್ವಜನಿಕ ಗ್ರಂಥಾಲಯದಲ್ಲೂ ಒಂದು ಕ್ಯಾಸೆಟ್ಟು, ಒಂದು ಸಿ.ಡಿ. ಮನೆಗೆ ಒಯ್ಯಲು ಸಿಕ್ಕಿದ್ದಿಲ್ಲ. ಮನಸೂರರ ಆತ್ಮಕಥೆ 'ನನ್ನ ರಸಯಾತ್ರೆ'ಯನ್ನು ಎರವಲು ತಂದೆ, ಅವರ ದನಿಯನ್ನು ಓಣಿಯ ಹಿರಿಯರ ಗೋಡೆಯಿಂದ ತರಬೇಕಾಯಿತು. ಇದಕ್ಕೆ ಕಾನೂನು ಅಡ್ಡ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ಸ್ಪಷ್ಟವಾಗಿದೆ: ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ನ್ಯಾಯವಾಗಿ ಪಡೆದ ಧ್ವನಿಮುದ್ರಿಕೆಯನ್ನು ಎರವಲು ಕೊಟ್ಟರೆ ಅದು ವಾಣಿಜ್ಯ ಬಾಡಿಗೆ ಎನಿಸದು. ಪ್ರಕಟವಾಗಿ 60 ವರ್ಷ ಕಳೆದ ಮುದ್ರಿಕೆಗಳಿಗಂತೂ ಮುದ್ರಿಕೆಯ ಹಕ್ಕೇ ಉಳಿಯುವುದಿಲ್ಲ. ಅಂದರೆ ಬಾಗಿಲು ತೆರೆದಿದೆ, ಕಪಾಟು ಖಾಲಿ ಇದೆ.

ಎಲ್ಲ ಯೂಟ್ಯೂಬಿನಲ್ಲಿ ಇದೆಯಲ್ಲ ಸರ್, ಎನ್ನುತ್ತಾರೆ ಹುಡುಗರು. ಇದೆ, ನಾನೂ ಕೇಳುತ್ತೇನೆ. ಆದರೆ ಅಲ್ಲಿ ಮರಳಿಸುವುದು ಎಂಬುದೇ ಇಲ್ಲ, ಹಾಗಾಗಿ ಮುಂದಿನವರೂ ಇಲ್ಲ. ಹಾಕಿದವರು ನಾಳೆ ತೆಗೆದರೆ ಯಾರನ್ನು ಕೇಳಬೇಕು? ಅದು ಯಾರೋ ಹಚ್ಚಿದ ಗ್ರಾಮೋಫೋನು, ಗದಗಿನ ಅಂಗಡಿಯ ಹಾಗೆ. ಅಂಗಡಿಯಿಂದ ಭೀಮಸೇನರೊಬ್ಬರು ಹುಟ್ಟಿದರು ಎಂದು ಊರಿಗೆ ಅಂಗಡಿಯೇ ಸಾಕು ಎನ್ನಲಾಗುವುದಿಲ್ಲ.

ಈಗ ನನ್ನ ಎದುರಿಗೇ ಇರುವ ಪ್ರಶ್ನೆ. ಆ ಹಿರಿಯರು ತೀರಿಕೊಂಡಾಗ ಅವರ ಆರು ಕ್ಯಾಸೆಟ್ಟು ನನ್ನ ಬಳಿ ಇದ್ದವು. ಮರಳಿಸಲು ಹೋದರೆ ಅವರ ಮಗ, "ನೀವ ಇಟಗೋರಿ, ನಮ್ಮ ಮನ್ಯಾಗ ಹಚ್ಚೂ ಮಷೀನೂ ಇಲ್ಲ" ಎಂದರು. ಲೋಕದ ಲೆಕ್ಕದಲ್ಲಿ ಅವು ನನ್ನವು. ಆದರೆ ಕೊಟ್ಟವರು ಎರವಲು ಕೊಟ್ಟಿದ್ದರು, ನಾನೂ ಎರವಲೆಂದೇ ತಂದಿದ್ದೆ. ಐದರದು ಕಷ್ಟವಿಲ್ಲ, ಅಂಗಡಿಯಲ್ಲಿ ಮಾರಾಟಕ್ಕಿದ್ದವೇ. ಆರನೆಯದು ಒಂದು ಮನೆಯ ಬೈಠಕ್. ಇದೇ ಸೀಮೆಯ ಗಾಯಕರೊಬ್ಬರು ಇಪ್ಪತ್ತೋ ಇಪ್ಪತ್ತೈದೋ ಜನರೆದುರು ಹಾಡಿದ್ದು. ನಡುವೆ ಒಂದು ಕಡೆ ತಾನು ಹಾದಿ ತಪ್ಪಿ, ನಕ್ಕು, ಮತ್ತೆ ಮೊದಲಿಂದ ಹಿಡಿಯುತ್ತಾರೆ. ಆ ನಗುವಿಗಾಗಿಯೇ ನನಗೆ ಅದು ಇಷ್ಟ. ಇದರ ಪ್ರತಿ ಮಾಡಿಕೊಳ್ಳಲೇ ಎಂದು ಕೇಳಿದಾಗ ಹಿರಿಯರು ಬೇಡ ಎಂದಿದ್ದರು. "ಅವತ್ತ ಅವರು ನಮಗಷ್ಟ ಹಾಡಿದ್ದು."

ಹಾಡುವವರ ಒಪ್ಪಿಗೆಯಿಲ್ಲದೆ ಅವರ ಕಛೇರಿಯನ್ನು ಮುದ್ರಿಸಿಕೊಳ್ಳಬಾರದು ಎಂಬ ಹಕ್ಕು ನಮ್ಮ ಕಾಯಿದೆಗೆ ಸೇರಿದ್ದು 1994ರ ತಿದ್ದುಪಡಿಯಿಂದ. ಹಿರಿಯರಿಗೆ ಅದು ಗೊತ್ತಿತ್ತೋ ಇಲ್ಲವೋ, ಸೂಕ್ಷ್ಮ ಗೊತ್ತಿತ್ತು. ಅಚ್ಚಾದ ರೆಕಾರ್ಡು ಎಂದರೆ ಗಾಯಕ ಲೋಕಕ್ಕೆ ಒಪ್ಪಿಸಿದ್ದು, ಯಾರು ಕೇಳಿದರೂ ಆದೀತು. ಬೈಠಕ್‌ನಲ್ಲಿ ಹಾಡಿದ್ದು ಎದುರಿಗಿದ್ದ ಮುಖಗಳನ್ನು ನಂಬಿ. ಯೋಗ್ಯತೆಯ ಪರೀಕ್ಷೆ ಬೇಡ ಎಂದು ಮೇಲೆ ವಾದಿಸಿದ ನಾನು ಇಲ್ಲಿ ತಡೆಯುತ್ತೇನೆ. ಕೇಳುಗನ ಯೋಗ್ಯತೆಯ ಬಗ್ಗೆ ನನಗೆ ಅನುಮಾನವಿಲ್ಲ. ಕೊಡುವ ಅಧಿಕಾರ ನನಗೆ ಬಂದಿದೆಯೇ ಎಂಬುದೇ ಅನುಮಾನ.

ಇತ್ತ ಟೇಪು ಕಾಯುವುದಿಲ್ಲ. ಕಳೆದ ಮಳೆಗಾಲದಲ್ಲಿ ಅದರ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು, ಹತ್ತಿಯಿಂದ ಒರೆಸಿದೆ. ಇನ್ನು ಕೆಲವು ಮಳೆಗಾಲ ಕಳೆದರೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಉಳಿಯದೆ ಹೋಗಬಹುದು. ದೇವರ ಮನೆಯ ಗಂಟಿನೊಳಗೆ ಪುಡಿಯಾದ ಗರಿಗಳಿಗೆ ಆದ ಗತಿಯೇ ಇದಕ್ಕೂ. ಆ ಗಾಯಕರ ಮಗಳು ಹುಬ್ಬಳ್ಳಿಯಲ್ಲೇ ಇದ್ದಾರೆ ಎಂದು ಗೊತ್ತಾಗಿದೆ, ವಿಳಾಸ ಸಿಕ್ಕಿದೆ. ಕೆಡುವ ಮೊದಲು ಒಂದೇ ಒಂದು ಪ್ರತಿ ಮಾಡಿಸಿ, ಮೂಲವನ್ನೂ ಪ್ರತಿಯನ್ನೂ ಒಯ್ದು ಅವರ ಮುಂದೆ ಇಡುವುದು ಎಂದು ನಿರ್ಧರಿಸಿದ್ದೇನೆ. ಗ್ರಂಥಾಲಯಕ್ಕೆ ಕೊಡಲೇ ಎಂದು ಕೇಳುತ್ತೇನೆ. ಅವರು ಬೇಡ ಎಂದರೆ ಎರಡನ್ನೂ ಅಲ್ಲೇ ಬಿಟ್ಟು ಬರಬೇಕು. ಅದಕ್ಕೆ ಮೊದಲು ಇನ್ನೊಮ್ಮೆ ಕೇಳಬೇಕೆಂದು ನವಲಗುಂದದ ಕಡೆಯ ಗೆಳೆಯನೊಬ್ಬನ ಮನೆಯಿಂದ ಟೇಪ್ ರೆಕಾರ್ಡರ್ ತಂದಿಟ್ಟಿದ್ದೇನೆ. ಅದೂ ಎರವಲು, ಐತವಾರದೊಳಗೆ ಮುಟ್ಟಿಸಬೇಕು.