ಮೂರ್ತಿ, ಕೀರ್ತಿ ಮತ್ತು ಒಂದು ‘ಆದರೂ’

ಅಕ್ಟೋಬರ್ 2 ಹತ್ತಿರ ಬಂತೆಂದರೆ ನಮ್ಮ ಶಾಲೆಗಳಲ್ಲಿ ಭಾಷಣದ ತಯಾರಿ ಶುರುವಾಗುತ್ತದೆ. ಗಾಂಧೀಜಿಯವರ ಬಗ್ಗೆ ಮಾತಾಡುವ ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆಯಿಂದ ಆರಂಭಿಸುತ್ತಾರೆ. ಒಬ್ಬಳು ಪೋರಬಂದರಿನಿಂದ, ಇನ್ನೊಬ್ಬ ದಂಡಿಯಾತ್ರೆಯಿಂದ. ಆದರೆ ಲಾಲ್ ಬಹದ್ದೂರ್ ಶಾಸ್ತ್ರಿಯವರ ಬಗ್ಗೆ ಮಾತಾಡುವ ಮಗು, ಅದು ಯಾವ ತರಗತಿಯದೇ ಇರಲಿ, ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂದೇ ಬಾಯಿ ತೆರೆಯುತ್ತದೆ. ಅದು ಮಗುವಿನ ಸ್ವಂತ ಮಾತಲ್ಲ ಬಿಡಿ. ಗೈಡಿನಲ್ಲಿದೆ, ಅಪ್ಪ ಬರೆದುಕೊಟ್ಟ ಹಾಳೆಯಲ್ಲಿದೆ, ಸಭೆಯ ಅಧ್ಯಕ್ಷರ ಮಾತಿನಲ್ಲೂ ಇದೆ.

ಶಾಸ್ತ್ರಿಯವರ ಎತ್ತರ ಸುಮಾರು 5 ಅಡಿ 2 ಇಂಚು. 1964ರ ಜೂನ್‌ನಿಂದ 1966ರ ಜನವರಿಯವರೆಗೆ, ಎರಡು ವರ್ಷವೂ ತುಂಬದಷ್ಟು ಕಾಲ ಅವರು ಪ್ರಧಾನಿಯಾಗಿದ್ದರು. ಅಷ್ಟರಲ್ಲೇ 1965ರ ಯುದ್ಧ ಬಂತು, ಆಹಾರದ ಕೊರತೆ ಬಂತು. ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಅವರು ಜನರನ್ನು ಕೇಳಿಕೊಂಡರು. ಎಷ್ಟೋ ಮನೆಗಳಲ್ಲಿ ಬಿಟ್ಟರು. ಹೇಳಲು ಇಷ್ಟೆಲ್ಲ ಇರುವಾಗ ನಾವು ಮೊದಲು ಹೇಳುವುದು ಅವರ ಮೈಯ ಅಳತೆಯನ್ನು. ಗಾದೆ ಹೊಗಳುವುದಕ್ಕೇ ಇರುವುದು, ನಿಜ. ಆದರೆ ಅದರ ಭಾರವೆಲ್ಲ ‘ಆದರೂ’ ಎಂಬ ಮೂರಕ್ಷರದ ಮೇಲೆ ಕೂತಿದೆ. ‘ಮೂರ್ತಿ ದೊಡ್ಡದಾದರೂ ಕೀರ್ತಿ ದೊಡ್ಡದು’ ಎಂದು ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ಚಿಕ್ಕ ಮೂರ್ತಿಯಿಂದ ನಾವು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ ಎಂಬುದನ್ನು ಆ ಮೂರಕ್ಷರ ಒಪ್ಪಿಕೊಂಡುಬಿಡುತ್ತದೆ.

ಈ ಮಾತನ್ನು ಆಡುವ ಅಧಿಕಾರ ನನಗೆ ಹುಟ್ಟಿನಿಂದಲೇ ಬಂದಿದೆ. ನನ್ನ ಎತ್ತರ 4 ಅಡಿ 9 ಇಂಚು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಊರಿನಲ್ಲಿ ಮೇಡಂ ಆಗಿರುವವಳ ಎತ್ತರ ಗುಟ್ಟಾಗಿ ಉಳಿಯುವ ವಿಷಯವಲ್ಲ. ಕರಿಹಲಗೆಯ ಮೇಲಿನರ್ಧವನ್ನು ನಾನು ಬಿ.ಎಡ್. ಓದುವ ದಿನಗಳಲ್ಲೇ ಬಿಟ್ಟುಕೊಟ್ಟೆ. ಕೆಳಗಿನರ್ಧದಲ್ಲಿ ಅಕ್ಷರ ಒತ್ತಾಗಿ, ದುಂಡಗೆ ಬರೆಯುವುದನ್ನು ಕಲಿತೆ. ಭೂಪಟ ನೇತುಹಾಕಲು ಹಿಂದಿನ ಬೆಂಚಿನ ಉದ್ದನೆಯ ಹುಡುಗ ಬರಬೇಕು. ಮನೆಯಲ್ಲಿ ಅಟ್ಟದ ಮೇಲಿನ ಪಾತ್ರೆ ಹಬ್ಬಕ್ಕೊಮ್ಮೆ ಇಳಿಯುತ್ತದೆ, ಅದೂ ಸ್ಟೂಲಿನ ದಯೆಯಿಂದ. ಇವೆಲ್ಲ ತೊಂದರೆಗಳೇ ಹೊರತು ಅವಮಾನಗಳಲ್ಲ.

ಶಬ್ದದ ಬಗ್ಗೆಯೂ ನನಗೆ ಜಗಳವಿಲ್ಲ. ಒಂದು ಶಾಲೆಯಲ್ಲಿ ಒಂದೇ ಹೆಸರಿನ ಶಿಕ್ಷಕಿಯರು ನಾವಿಬ್ಬರಿದ್ದೆವು. ಮಕ್ಕಳು ಅವರನ್ನು ಉದ್ದ ಮೇಡಂ ಎಂದೂ ನನ್ನನ್ನು ಕುಳ್ಳ ಮೇಡಂ ಎಂದೂ ಗುರುತಿಟ್ಟುಕೊಂಡಿದ್ದರು. ಬೇರೆ ಹೇಗೆ ತಾನೇ ಹೇಳಿಯಾವು ಪಾಪ! ದಾರಿಯಲ್ಲಿ ಸಿಗುವ ಅಜ್ಜಿ ‘ಬಾರಮ್ಮ ಕುಳ್ಳಮ್ಮ, ಒಂದ್ಲೋಟ ಕಾಫಿ ಕುಡುದು ಹೋಗು’ ಎಂದರೆ ಅದು ಅಕ್ಕರೆ. ಆದರೆ ವರ್ಗವಾಗಿ ಹೊಸ ಊರಿಗೆ ಹೋದ ದಿನ ಹಿರಿಯರೊಬ್ಬರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಪಕ್ಕದವರಿಗೆ ‘ಈಯಮ್ಮ ಹೈಸ್ಕೂಲ್ ಹುಡುಗ್ರನ್ನ ಹೆಂಗೆ ಹತೋಟಿಗೆ ತಗಂತಾರೆ?’ ಎಂದರು. ಅವರು ಕುಳ್ಳಿ ಎಂಬ ಶಬ್ದವನ್ನೇ ಬಳಸಲಿಲ್ಲ. ಆದರೂ ಅಜ್ಜಿಯದು ಗುರುತು, ಇವರದು ತೀರ್ಪು. ಗುರುತಿಗೂ ತೀರ್ಪಿಗೂ ನಡುವೆ ಇರುವ ಗೆರೆ ಶಬ್ದದಲ್ಲಿಲ್ಲ, ಮನಸ್ಸಿನಲ್ಲಿದೆ.

ಬಲಿಪಾಡ್ಯಮಿಯ ಕಥೆ ನಿಮಗೆ ಗೊತ್ತೇ ಇದೆ. ಪುಟ್ಟ ವಟುವಾಗಿ ಬಂದ ವಾಮನ ಬಲಿ ಚಕ್ರವರ್ತಿಯನ್ನು ಮೂರು ಹೆಜ್ಜೆ ನೆಲ ಕೇಳಿದ. ದಾನ ಸಿಕ್ಕ ಕೂಡಲೇ ಭೂಮಿ ಆಕಾಶ ಎರಡನ್ನೂ ತುಂಬಿ ನಿಂತ. ತರಗತಿಯಲ್ಲಿ ಕಥೆ ಇಲ್ಲಿಗೆ ಬಂದಾಗ ಮಕ್ಕಳ ಕಣ್ಣು ಅರಳುತ್ತದೆ. ಪುರಾಣಕ್ಕೆ ಅದರದೇ ಆದ ದೊಡ್ಡ ಅರ್ಥವಿದೆ, ಅದರ ತಂಟೆ ನನಗೆ ಬೇಡ. ಆದರೆ ದಿನಬಳಕೆಗೆಂದು ನಾವು ಅದರಿಂದ ಎತ್ತಿಕೊಂಡ ನೀತಿ ಹೀಗಿದೆ: ಕುಳ್ಳನೆಂದು ಹಗುರವಾಗಿ ಕಾಣಬೇಡ, ಅವನೊಳಗೆ ತ್ರಿವಿಕ್ರಮನಿದ್ದಾನು. ಸರಿ, ಇಲ್ಲದಿದ್ದರೆ? ಒಳಗೆ ಯಾರೂ ಅಡಗಿ ಕೂತಿರದ, ಕೊನೆಯವರೆಗೂ ಅಷ್ಟೇ ಎತ್ತರ ಇರುವ ಸಾಮಾನ್ಯ ಮನುಷ್ಯನನ್ನು ಹಗುರವಾಗಿ ಕಾಣಬಹುದೇ?

ನಮ್ಮ ದ್ವಾರಕೀಶ್ ಅವರನ್ನು ನೆನೆಸಿಕೊಳ್ಳಿ. 1942ರಲ್ಲಿ ಹುಣಸೂರಿನಲ್ಲಿ ಹುಟ್ಟಿದವರು, 1969ರಲ್ಲೇ ರಾಜ್‌ಕುಮಾರ್ ನಾಯಕರಾಗಿದ್ದ ‘ಮೇಯರ್ ಮುತ್ತಣ್ಣ’ ಚಿತ್ರದ ನಿರ್ಮಾಪಕರಾದರು. ಜನ ಆಡಿಕೊಳ್ಳುವ ಮಾತನ್ನು ತಾವೇ ಎತ್ತಿಕೊಂಡು ಪೋಸ್ಟರಿಗೆ ಅಂಟಿಸಿದರು. 1972ರಲ್ಲಿ ‘ಕುಳ್ಳ ಏಜೆಂಟ್ 000’, 1975ರಲ್ಲಿ ‘ಕಳ್ಳ ಕುಳ್ಳ’, 1984ರಲ್ಲಿ ‘ಪ್ರಚಂಡ ಕುಳ್ಳ’. ಚುಚ್ಚುವ ಶಬ್ದವನ್ನೇ ಅನ್ನ ಕೊಡುವ ಶಬ್ದವಾಗಿ ಮಾಡಿಕೊಂಡ ಜಾಣ್ಮೆ ಅದು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಜನ ‘ಕರ್ನಾಟಕದ ಕುಳ್ಳ’ ಎಂದೇ ಪ್ರೀತಿಯಿಂದ ನೆನೆದರು. ಅವರು ನಗಿಸಿ ಗೆದ್ದರು. ನಗಿಸಲು ಬಾರದವರು ಏನು ಮಾಡಬೇಕು? ಅದರಲ್ಲೂ ಹೆಣ್ಣುಮಕ್ಕಳು? ‘ಕುಳ್ಳ’ ಎಂದರೆ ಊರಿಗೆ ನಗು. ‘ಕುಳ್ಳಿ’ ಎಂದರೆ ಮನೆಗೆ ಚಿಂತೆ.

ಆ ಚಿಂತೆ ಎದ್ದು ಕೂರುವುದು ಗಂಡು ನೋಡುವ ಕಾಲಕ್ಕೆ. ನನ್ನನ್ನು ನೋಡಲು ಬಂದವರೊಬ್ಬರು ಉಪ್ಪಿಟ್ಟು ತಿಂದು, ಹಾಡು ಕೇಳಿ, ಕೊನೆಗೆ ಗೋಡೆಗೆ ಒರಗಿ ನಿಲ್ಲುವಂತೆ ಹೇಳಿದ್ದರು. ಒಂದು ವಾರಕ್ಕೆ ‘ಜೋಡಿ ಹೊಂದುವುದಿಲ್ಲ’ ಎಂದು ಕಾಗದ ಬಂತು. ಹಾಗೆ ಬಂದ ಕಾಗದಗಳನ್ನು ಅಮ್ಮ ಓದಿ ಮಡಚಿ ಅಕ್ಕಿಡಬ್ಬದ ಹಿಂದೆ ಇಡುತ್ತಿದ್ದರು. ಕೊನೆಗೆ ನನ್ನನ್ನು ಮದುವೆಯಾದವರು ಎತ್ತರದ ಮಾತೇ ಎತ್ತಲಿಲ್ಲ, ಎತ್ತಿದವನು ಫೋಟೋದವನು. ನನ್ನ ಕಾಲ ಕೆಳಗೆ ಒಂದು ಮಣೆ ಹಾಕಿಸಿ, ಸೀರೆಯ ನೆರಿಗೆಯಿಂದ ಅದನ್ನು ಮುಚ್ಚಿಸಿದ.

‘ಇಷ್ಟ ಅವರವರದು, ಅದರಲ್ಲಿ ತಪ್ಪೇನು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಬ್ಬನಿಗೆ ಎತ್ತರದ ಹುಡುಗಿ ಇಷ್ಟವಾದರೆ ಅದು ಅವನ ಇಷ್ಟವೇ. ಆದರೆ ಊರಿಗೆ ಊರೇ ಒಂದೇ ಇಷ್ಟವನ್ನು ಇಟ್ಟುಕೊಂಡರೆ ಅದು ಇಷ್ಟವಾಗಿ ಉಳಿಯುವುದಿಲ್ಲ, ಕಟ್ಟಳೆಯಾಗುತ್ತದೆ. ಇಷ್ಟಕ್ಕೆ ಕಾರಣ ಕೇಳಬೇಕಾಗಿಲ್ಲ, ಕಟ್ಟಳೆಗೆ ಕೇಳಲೇಬೇಕು. ಈ ಕಟ್ಟಳೆ ಕುಳ್ಳಿಯರನ್ನು ಮಾತ್ರ ಹಿಡಿಯುವುದಿಲ್ಲ. ನನ್ನ ಗೆಳತಿಯೊಬ್ಬಳು 5 ಅಡಿ 8 ಇಂಚು ಇದ್ದಳು. ಗಂಡಿಗಿಂತ ಹೆಣ್ಣು ಉದ್ದವಾಯಿತೆಂದು ಅವಳ ಸಂಬಂಧಗಳೂ ಮುರಿದವು. ನಾನು ಹೈಹೀಲ್ಡ್ ಚಪ್ಪಲಿಯ ಮೇಲೆ ತೂರಾಡುತ್ತಿದ್ದ ವರ್ಷಗಳಲ್ಲೇ ಅವಳು ಬೆನ್ನು ಬಗ್ಗಿಸಿ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಅವಳ ಬೆನ್ನು ನೆಟ್ಟಗಾಗಲೇ ಇಲ್ಲ. ‘ಉದ್ದ ಇದ್ದವರಿಗೆ ಬುದ್ಧಿ ಮೊಣಕಾಲಲ್ಲಿ’ ಎಂಬ ಗಾದೆ ಹೇಳಿ ನಾವು ಸಮಾಧಾನ ಪಟ್ಟುಕೊಳ್ಳುವುದುಂಟಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಆ ಬಾಗಿದ ಬೆನ್ನು ಕಣ್ಣಮುಂದೆ ಬರುತ್ತದೆ. ಒಂದೇ ಕೋಲಿನಿಂದ ಪೆಟ್ಟು ತಿಂದವರು ಒಬ್ಬರನ್ನೊಬ್ಬರು ಹೊಡೆಯುವುದು ಸಮಾಧಾನವಲ್ಲ.

ಮದುವೆಯ ಮಾತು ಹಾಗಿರಲಿ, ಉದ್ಯೋಗದಲ್ಲೂ ಗೋಡೆಗೆ ಒರಗಿಸಿ ಅಳೆಯುವುದುಂಟು. ನನ್ನ ವಿದ್ಯಾರ್ಥಿನಿಯೊಬ್ಬಳು ತಾಲ್ಲೂಕು ಮಟ್ಟದ ಓಟದಲ್ಲಿ ಬಹುಮಾನ ತಂದವಳು. ಪೊಲೀಸ್ ಆಗಬೇಕೆಂಬ ಆಸೆ. ನಮ್ಮ ರಾಜ್ಯದಲ್ಲಿ ಪೇದೆ ಹುದ್ದೆಗೆ ಹೆಣ್ಣುಮಕ್ಕಳಿಂದ ಸಾಮಾನ್ಯವಾಗಿ ಕೇಳುವ ಎತ್ತರ 157 ಸೆಂಟಿಮೀಟರ್. ಇವಳು ನಿಂತದ್ದು 153ಕ್ಕೆ. ಮನೆಗೆ ಬಂದು ಅತ್ತಳು, ‘ನಾನು ಇಷ್ಟು ಕುಳ್ಳಿ ಯಾಕಾದೆ ಮೇಡಂ?’ ಎಂದು. ನಾನು ಅವಳಿಗೆ ಒಂದು ಲೆಕ್ಕ ಹೇಳಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ನಮ್ಮ ದೇಶದ ವಯಸ್ಕ ಹೆಣ್ಣಿನ ಸರಾಸರಿ ಎತ್ತರವೇ ಸುಮಾರು 152 ಸೆಂಟಿಮೀಟರ್, ಅಂದರೆ ಐದಡಿಗೂ ತುಸು ಕಡಿಮೆ. ಅವಳು ಕುಳ್ಳಿಯೇ ಅಲ್ಲ, ಸರಾಸರಿಗಿಂತ ಒಂದು ಕೂದಲು ಮೇಲೆ! ಕೆಲವು ಕೆಲಸಗಳಿಗೆ ದೇಹದ ಅಳತೆ ಬೇಕಾಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೇಶದ ಅರ್ಧಕ್ಕಿಂತ ಹೆಚ್ಚು ಹೆಂಗಸರನ್ನು ಬಾಗಿಲಲ್ಲೇ ನಿಲ್ಲಿಸುವ ಅಳತೆಯನ್ನು ಆಗಾಗ ಮತ್ತೆ ಯೋಚಿಸಬೇಡವೇ?

ಬಸ್ಸಿನಲ್ಲಿ ಮೇಲೆ ಹಿಡಿದುಕೊಳ್ಳುವ ಕಂಬಿಯನ್ನೇ ನೋಡಿ. ಹಿರಿಯೂರಿನ ಬಸ್ಸಿನಲ್ಲಿ ಅದು ನನಗೆ ಎಟುಕುವುದಿಲ್ಲ. ಸೀಟಿನ ಹಿಂಬದಿ ಹಿಡಿದು ಜೋತಾಡುತ್ತೇನೆ. ಜನ ಹೇಳುವುದು ‘ಪಾಪ, ಕುಳ್ಳಿ’ ಎಂದು. ಚಿತ್ರದುರ್ಗದ ಕೋಟೆಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗ ಓಬವ್ವನ ಕಿಂಡಿಯ ಹತ್ತಿರ ಇದಕ್ಕೆ ತಿರುಗುಮುರುಗು ನಡೆಯುತ್ತದೆ. ನಾನು ಸ್ವಲ್ಪ ಬಗ್ಗಿದರೆ ಸಾಕು. ಉದ್ದನೆಯ ಮೇಷ್ಟ್ರುಗಳು ಎರಡಾಗಿ ಮಡಚಿಕೊಂಡು, ತಲೆ ತಗುಲಿಸಿಕೊಂಡು, ಏದುಸಿರು ಬಿಡುತ್ತಾರೆ. ಆಗ ಯಾರೂ ‘ಪಾಪ, ಉದ್ದದವರು’ ಎನ್ನುವುದಿಲ್ಲ. ‘ಕಿಂಡಿ ಎಷ್ಟು ಚಿಕ್ಕದಪ್ಪಾ!’ ಎನ್ನುತ್ತಾರೆ. ಎತ್ತರದವರಿಗೆ ತೊಂದರೆಯಾದರೆ ತಪ್ಪು ಕಲ್ಲಿನದು. ನಮಗೆ ತೊಂದರೆಯಾದರೆ ತಪ್ಪು ನಮ್ಮ ಮೈಯದು. ಕಂಬಿ ಎತ್ತರದಲ್ಲಿದೆ ಎಂದು ಹೇಳಲು ಯಾಕೆ ಯಾರಿಗೂ ಬಾಯಿ ಬರುವುದಿಲ್ಲ?

ಇನ್ನು ಈ ಎತ್ತರ ಬರುವುದಾದರೂ ಎಲ್ಲಿಂದ? ಹೊಟ್ಟೆ ತುಂಬ ಉಂಡು ಬೆಳೆದವರಲ್ಲಿ ಅದರ ಬಹುಪಾಲು ತಂದೆತಾಯಿಯಿಂದ ಬಂದದ್ದು. ಅದರಲ್ಲಿ ನಮ್ಮ ಸಾಧನೆಯೂ ಇಲ್ಲ, ಅಪರಾಧವೂ ಇಲ್ಲ. ಆದರೆ ಉಣ್ಣದೆ ಬೆಳೆದವರ ಕಥೆ ಬೇರೆ. ದಕ್ಷಿಣ ಕೊರಿಯಾದ ಹೆಂಗಸರು ನೂರು ವರ್ಷಗಳಲ್ಲಿ ಸರಾಸರಿ 20 ಸೆಂಟಿಮೀಟರಿನಷ್ಟು ಎತ್ತರವಾದರು. ರಕ್ತ ಬದಲಾಗಲಿಲ್ಲ, ತಟ್ಟೆ, ನೀರು, ಆಸ್ಪತ್ರೆ ಬದಲಾದವು. ನಮ್ಮಲ್ಲಿ 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನು ಶಾಲೆಯಲ್ಲಿ ಮಕ್ಕಳು ಕುಡಿಯುವುದನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ಮಗುವಿನ ಎತ್ತರದ ಭವಿಷ್ಯ ಹೆಚ್ಚಾಗಿ ತೀರ್ಮಾನವಾಗುವುದು ತಾಯಿಯ ಗರ್ಭದಿಂದ ಎರಡನೇ ಹುಟ್ಟುಹಬ್ಬದವರೆಗೆ. ತಾಯಿಗೆ ರಕ್ತಹೀನತೆ, ಮಗುವಿಗೆ ಪದೇ ಪದೇ ಭೇದಿ ಇದ್ದರೆ ಆ ಕಾಲ ಕೈತಪ್ಪಿ ಹೋಗುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡಸರದಾದ ಮೇಲೆ ಗಂಡುಮಕ್ಕಳು, ಆಮೇಲೆ ಹೆಣ್ಣುಮಕ್ಕಳು, ಎಲ್ಲರದೂ ಮುಗಿದ ಮೇಲೆ ತಳದ ಸಾರಿಗೆ ಮುದ್ದೆ ಅದ್ದಿಕೊಂಡು ಅಮ್ಮ. ಹೀಗೆ ಉಂಡ ಮನೆಗಳು ನಮ್ಮ ಸುತ್ತ ಕಡಿಮೆ ಇರಲಿಲ್ಲ. ಒಬ್ಬ ಹೆಂಗಸಿನ ಗಿಡ್ಡ ಮೈಯನ್ನು ನೋಡಿ ನಕ್ಕಾಗ ನಾವು ಕೆಲವೊಮ್ಮೆ ನಗುತ್ತಿರುವುದು ಅವಳು ಉಣ್ಣದ ಊಟಕ್ಕೆ.

ಇನ್ನೊಂದು ಬಳಕೆಯ ಮಾತು. ಎತ್ತರವಾಗುವ ಪುಡಿ, ಮಾತ್ರೆ, ಶೂ ಒಳಗಿಡುವ ತುಂಡು ಎಂದೆಲ್ಲ ಜಾಹೀರಾತು ಬರುತ್ತವಲ್ಲ, ಅವುಗಳಿಗೆ ಹಣ ಸುರಿಯಬೇಡಿ. ಹೆಣ್ಣುಮಕ್ಕಳು ಮೈನೆರೆದು ಎರಡು ಮೂರು ವರ್ಷಕ್ಕೆ ಮೂಳೆಯ ತುದಿಗಳು ಕೂಡಿಕೊಳ್ಳುತ್ತವೆ. ಆಮೇಲೆ ಯಾವ ಪುಡಿಯೂ ಅವನ್ನು ಉದ್ದ ಮಾಡಲಾರದು. ಚಿಕ್ಕ ಮಗು ಓರಗೆಯವರಂತೆ ಬೆಳೆಯುತ್ತಿಲ್ಲ ಅನ್ನಿಸಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಕೆಲವು ಕಾರಣಗಳಿಗೆ ಕಾಲಕ್ಕೆ ಸರಿಯಾಗಿ ಹೋದರೆ ಚಿಕಿತ್ಸೆ ಇದೆ.

ನನಗಿಂತ ಎಷ್ಟೋ ಹೆಚ್ಚು ನುಂಗಿಕೊಂಡು ಬದುಕುತ್ತಿರುವವರಿದ್ದಾರೆ. ಕಾಯಿಲೆಯಿಂದಲೋ ಹುಟ್ಟಿನಿಂದಲೋ ಬೆಳವಣಿಗೆ ನಿಂತವರು. ಬಸ್ಸಿನ ಮೊದಲ ಮೆಟ್ಟಿಲು, ಬ್ಯಾಂಕಿನ ಕೌಂಟರು, ಸರ್ಕಸ್ಸಿನ ನೆನಪಿನಿಂದ ನಗುವ ಬೀದಿ, ಎಲ್ಲವನ್ನೂ ದಿನವೂ ದಾಟುವವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಬ್ಜತೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ವೈದ್ಯಕೀಯ ಅಥವಾ ವಂಶವಾಹಿಯ ಕಾರಣದಿಂದ ವಯಸ್ಕರ ಎತ್ತರ 4 ಅಡಿ 10 ಇಂಚು, ಅಂದರೆ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರುವುದು ಎಂದು ಅದರ ವ್ಯಾಖ್ಯೆ. ಇಂಚಿನ ಲೆಕ್ಕದಲ್ಲಿ ನಾನೂ ಅದರ ಒಳಗೇ. ಕಾರಣದ ಲೆಕ್ಕದಲ್ಲಿ ಹೊರಗೆ. ಆ ಕಾಯ್ದೆಯಲ್ಲಿ ನನಗೆ ಹಿಡಿಸಿದ್ದು ಒಂದು. ಅದು ಯಾರ ಕೀರ್ತಿಯನ್ನೂ ಕೇಳುವುದಿಲ್ಲ. ನೀನು ಪ್ರಧಾನಿಯಾಗಿದ್ದೀಯಾ, ಜನರನ್ನು ನಗಿಸುತ್ತೀಯಾ, ಲೋಕವನ್ನು ಮೂರು ಹೆಜ್ಜೆಯಲ್ಲಿ ಅಳೆಯುತ್ತೀಯಾ ಎಂದು ಕೇಳುವುದಿಲ್ಲ. ಮನುಷ್ಯ ಅಂದಮೇಲೆ ಗೌರವ ಸಲ್ಲಬೇಕು, ಅಷ್ಟೇ ಅದರ ಮಾತು.

ಮನೆಯ ಗೌರವಕ್ಕೂ ಅಷ್ಟೇ ಸಾಕಲ್ಲವೇ? ನಮ್ಮ ಕುಳ್ಳ ಮಗಳು ದೊಡ್ಡ ಕೆಲಸ ಮಾಡಿ ತೋರಿಸಲಿ ಎಂದು ಹರಸುವುದು ಒಳ್ಳೆಯದೇ. ಆದರೆ ಮಾಡಿ ತೋರಿಸದಿದ್ದರೂ, ಹಾಲಿನ ಡೈರಿಯಲ್ಲೋ ಹೊಲಿಗೆ ಮೆಷಿನ್ನಿನ ಮುಂದೆಯೋ ಯಾರ ಕಣ್ಣಿಗೂ ಬೀಳದೆ ಬಾಳಿದರೂ, ಅವಳ ಬೆಲೆ ಒಂದು ಇಂಚೂ ಕಡಿಮೆಯಾಗಬಾರದು. ಗೌರವವನ್ನು ಕೀರ್ತಿಯಿಂದ ಕೊಂಡುಕೊಳ್ಳಬೇಕಾದ ಸಾಲ ಎತ್ತರದವರ ಮೇಲಿಲ್ಲ ಎಂದಮೇಲೆ ನಮ್ಮ ಮೇಲೆ ಯಾಕೆ?

ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆಯುತ್ತೀರಲ್ಲ, ಎಳೆಯಿರಿ, ಬಿಡಬೇಡಿ. ಮಗು ಸರಿಯಾಗಿ ಉಣ್ಣುತ್ತಿದೆಯೇ, ಆರೋಗ್ಯವಾಗಿದೆಯೇ ಎಂದು ಆ ಗೆರೆ ಹೇಳುತ್ತದೆ. ಹೆಣ್ಣುಮಗುವಿನ ಗೆರೆ ಗಂಡುಮಗುವಿನದಕ್ಕಿಂತ ಹಿಂದೆ ಬಿದ್ದಿದ್ದರೆ ಒಮ್ಮೆ ಅಡುಗೆಮನೆಯ ಕಡೆ ತಿರುಗಿ ನೋಡಿ. ಆ ಗೆರೆಗೆ ಗೊತ್ತಿರುವುದು ಅಷ್ಟೇ. ಅದಕ್ಕಿಂತ ಹೆಚ್ಚಿನ ಪ್ರಶ್ನೆಯನ್ನು ಅದನ್ನು ಕೇಳುವುದು ಬೇಡ.