ಕಿನ್ನರಿ ಬೊಮ್ಮಯ್ಯ: ನಾದವೂ ಕಾಯಕವೂ

ಶಿವನ ಮುಂದೆ ವಾದ್ಯ ನುಡಿಸುವುದು ಭಕ್ತಿಯೋ ದುಡಿಮೆಯೋ ಎಂಬ ಪ್ರಶ್ನೆಗೆ ಕಲ್ಯಾಣದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನ ಬದುಕೇ ಒಂದು ಉತ್ತರ. ಹನ್ನೆರಡನೆಯ ಶತಮಾನದ ಈ ಶರಣ ತೆಲುಗು ಸೀಮೆಯಿಂದ ವಲಸೆ ಬಂದವನು, ಕಸುಬಿನಲ್ಲಿ ಅಕ್ಕಸಾಲಿಗ. ಆಗಿನ ಕಲ್ಯಾಣಕ್ಕೆ ಹೊರಗಿನವರು ಬಂದು ನೆಲೆಸುವುದು ಹೊಸದೇನಲ್ಲ. ಅಲ್ಲಮ ಬನವಾಸಿಯ ಕಡೆಯವನು. ಹರಿಹರನ ರಗಳೆಯಲ್ಲಿ ಅವನು ಮದ್ದಳೆಕಾರ. ಇಂದಿನ ಹುಮನಾಬಾದ್ ತಾಲ್ಲೂಕಿನ ಮೋಳಕೇರಾದೊಂದಿಗೆ ಹೆಸರು ಬೆಸೆದುಕೊಂಡಿರುವ ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದ ಅರಸನೆಂದು ಪರಂಪರೆ ನಂಬುತ್ತದೆ.

ಬೊಮ್ಮಯ್ಯ ಕಲ್ಯಾಣದ ತ್ರಿಪುರಾಂತಕ ದೇವಾಲಯದಲ್ಲಿ ಕಿನ್ನರಿ ನುಡಿಸುತ್ತಿದ್ದ. ಅವನ ವಚನಗಳ ಅಂಕಿತವೂ ‘ಮಹಾಲಿಂಗ ತ್ರಿಪುರಾಂತಕ’. ಇಂದು ಬಸವಕಲ್ಯಾಣವೆನಿಸಿದ ಆ ಊರಿನ ತ್ರಿಪುರಾಂತ ಕೆರೆ ಆ ದೇವರ ಹೆಸರನ್ನು ಈಗಲೂ ಉಳಿಸಿಕೊಂಡಿದೆ. ಕಿನ್ನರಿ ಎಂದರೆ ದಂಡಿಗೆಗೆ ಸೋರೆಬುರುಡೆ ಕಟ್ಟಿ, ಮೇಣದಿಂದ ಮೆಟ್ಟುಗಳನ್ನು ಕೂರಿಸಿ, ತಂತಿ ಬಿಗಿದ ವಾದ್ಯ. ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಅದರ ಕಿರಿದು, ಹಿರಿದು ಬಗೆಗಳನ್ನೂ ಅಳತೆಗಳನ್ನೂ ವಿವರಿಸಿದ್ದಾನೆ. ಪುರಾಣಕಾರರಿಗಾದರೋ ವಾದ್ಯದ ರಚನೆಗಿಂತ ಅದರಿಂದ ಬಂದ ಗಳಿಕೆ ಮುಖ್ಯ. ನುಡಿಸಿದ್ದಕ್ಕೆ ದೇವರಿಂದ ಹೊನ್ನು ದೊರೆಯುತ್ತಿತ್ತು, ಆ ಹೊನ್ನಿನಲ್ಲಿ ಬೊಮ್ಮಯ್ಯ ಜಂಗಮರಿಗೆ ಉಣಬಡಿಸುತ್ತಿದ್ದ ಎನ್ನುತ್ತವೆ ಕಥೆಗಳು.

ತೊಡಕು ಇರುವುದು ಇಲ್ಲಿಯೇ. ಶಿವ ನಾದಪ್ರಿಯನಲ್ಲ ಎಂದು ಬಸವಣ್ಣ ಒಂದು ವಚನದಲ್ಲಿ ಖಂಡಿತವಾಗಿ ಹೇಳುತ್ತಾನೆ; ನಾದ ನುಡಿಸಿಯೂ ರಾವಣನಿಗೆ ಆಯುಷ್ಯ ಅರ್ಧವೇ ಆಯಿತೆಂದು ನೆನಪಿಸುತ್ತಾನೆ. ಇನ್ನೊಂದು ವಚನದಲ್ಲಿ ತನ್ನ ಮೈಯನ್ನೇ ದಂಡಿಗೆ ಮಾಡಿ, ಶಿರವನ್ನೇ ಸೋರೆ ಮಾಡಿ ನುಡಿಸೆಂದು ಅದೇ ಶಿವನನ್ನು ಬೇಡುತ್ತಾನೆ. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಆದರೆ ಮೊದಲನೆಯದರಲ್ಲಿ ಬಸವಣ್ಣ ಅಲ್ಲಗಳೆಯುವುದು ಬಿನ್ನಾಣದಿಂದ ದೇವರನ್ನು ಒಲಿಸಿಕೊಳ್ಳುವ ನಂಬಿಕೆಯನ್ನು, ಸಂಗೀತವನ್ನಲ್ಲ. ಎರಡನೆಯದರಲ್ಲಿ ವಾದ್ಯ ಮಾಡುವವನೂ ನುಡಿಸುವವನೂ ದೇವರೇ. ಭಕ್ತನಿಗೆ ಉಳಿಯುವುದು ಸೋರೆಯ, ತಂತಿಯ ಪಾಲು ಮಾತ್ರ.

ಹಾಗಿದ್ದರೆ ನುಡಿಸಿ ಹೊನ್ನು ಪಡೆದ ಬೊಮ್ಮಯ್ಯ ರಾವಣನ ಸಾಲಿಗೆ ಸೇರುವನೇ? ರಾವಣ ಬೇಡಿದ್ದು ತನಗಾಗಿ. ಬೊಮ್ಮಯ್ಯನ ಹೊನ್ನು ದಾಸೋಹಕ್ಕೆ ಸಂದು ಮುಗಿಯುತ್ತಿತ್ತು, ಮರುದಿನ ಮತ್ತೆ ನುಡಿಸಬೇಕಾಗುತ್ತಿತ್ತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ತಡೆದ ಆಯ್ದಕ್ಕಿ ಲಕ್ಕಮ್ಮನ ನಿಲುವೂ ಇದೇ. ದೇವರ ಎದುರಿನ ಕಲೆಯೆಂಬ ಕಾರಣಕ್ಕೆ ಕಿನ್ನರಿ ಅಕ್ಕಿ ಆಯುವುದಕ್ಕಿಂತ ಮೇಲಾಗಲಿಲ್ಲ. ಕೂಲಿ ತಂದಿತೆಂಬ ಕಾರಣಕ್ಕೆ ಕೀಳೂ ಆಗಲಿಲ್ಲ.

ಬೊಮ್ಮಯ್ಯ ವಿಧೇಯ ವಾದ್ಯಗಾರನಾಗಿಯೇ ಉಳಿದವನಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’ದಲ್ಲಿಯೂ 1369ರ ಭೀಮಕವಿಯ ಕನ್ನಡ ಕಾವ್ಯದಲ್ಲಿಯೂ ಬರುವ ಉಳ್ಳಿಯ ಪ್ರಸಂಗ ಸೊಗಸಾದದ್ದು. ಶರಣರ ಅಡುಗೆಗೆ ತಂದ ಉಳ್ಳಿಯನ್ನು ಬಸವಣ್ಣ ಹಳಿಯುತ್ತಾನೆ. ಭಕ್ತರು ಉಣ್ಣುವುದನ್ನು ಜರೆದದ್ದಕ್ಕೆ ಸಿಡಿದೆದ್ದ ಬೊಮ್ಮಯ್ಯ ಹೊರಟೇ ಹೋಗುತ್ತಾನೆ. ಕಡೆಗೆ ದಂಡನಾಯಕ ಬಸವಣ್ಣನೇ ಉಳ್ಳಿಯ ಮೆರವಣಿಗೆ ಮಾಡಿ ಅವನನ್ನು ಒಲಿಸಬೇಕಾಗುತ್ತದೆ. ವಲಸೆ ಬಂದ ವಾದ್ಯಗಾರನೊಬ್ಬ ಅರಸ ಬಿಜ್ಜಳನ ಮಂತ್ರಿಯ ನಾಲಗೆಯನ್ನು ತಿದ್ದಿದನೆಂಬ ಕಥೆಯನ್ನು ಬಸವಣ್ಣನನ್ನು ಕೊಂಡಾಡುವ ಪುರಾಣವೇ ಕಾಪಾಡಿಕೊಂಡಿದೆ. ಶೂನ್ಯಸಂಪಾದನೆಯ ಬೊಮ್ಮಯ್ಯನೋ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪರೀಕ್ಷಿಸಹೋಗಿ, ಅವಳ ವೈರಾಗ್ಯಕ್ಕೆ ಮಣಿಯುತ್ತಾನೆ.

ನಾದವನ್ನು ಸಾಧನೆಯಾಗಿ ಕಂಡ ಪರಂಪರೆ ಈ ಸೀಮೆಯಲ್ಲಿ ಮುಂದೆ ಬೇರೆ ರೂಪ ತಳೆಯಿತು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಸಕಲಮತ ಸಂಪ್ರದಾಯವನ್ನು ನೆಲೆಗೊಳಿಸಿದರು. ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ರಚಿಸಿದರು. ಅವರ ಸಂಸ್ಥಾನದಲ್ಲಿ ಗಾಯಕ ವಾದಕರಿಗೆ ಆಶ್ರಯವಿತ್ತು. ಅಲ್ಲಿ ಕಲಾವಿದನನ್ನು ಸಾಕುವುದು ಗುರುಪೀಠ; ಬೊಮ್ಮಯ್ಯನ ಕಲ್ಯಾಣದಲ್ಲಿ ಕಲಾವಿದನೇ ದಾಸೋಹಿ.