ದಾನವೋ, ಪ್ರೀತಿಯೋ?



ಶಿಗ್ಗಾಂವಿ ಕಡೆಯ ಕಾಲೇಜು ಹುಡುಗನೊಬ್ಬ ಹಳೆಯ ಇಂಗ್ಲಿಷ್ ಧರ್ಮೋಪದೇಶದ ಪುಸ್ತಕವೊಂದನ್ನು ಕನ್ನಡಕ್ಕೆ ತರಲು ಕುಳಿತಿದ್ದ. ‘ಚಾರಿಟಿ’ ಎಂಬ ಶಬ್ದ ಬಂದಲ್ಲೆಲ್ಲ ‘ದಾನ’ ಎಂದು ಬರೆಯುತ್ತ ಹೋದ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೇ ಅಧ್ಯಾಯಕ್ಕೆ ಬಂದಾಗ ಅವನ ಲೇಖನಿ ನಿಂತಿತು. ‘ಇದ್ದದ್ದೆಲ್ಲ ದಾನ ಮಾಡಿದರೂ ದಾನ ಇಲ್ಲದಿದ್ರ ಪ್ರಯೋಜನ ಇಲ್ಲ ಅಂದ್ರ ಏನ್ರಿ ಫಾದರ್?’ ಎಂದು ಕೇಳಿದ.

ತಪ್ಪು ಹುಡುಗನದಲ್ಲ. ಆ ಒಂದು ಶಬ್ದಕ್ಕೆ ದಾನ, ದತ್ತಿ ಸಂಸ್ಥೆ, ಪರರ ತಪ್ಪನ್ನು ಉದಾರವಾಗಿ ಕಾಣುವ ಗುಣ, ದೈವಿಕ ಪ್ರೀತಿ ಎಂಬ ಅರ್ಥಗಳೆಲ್ಲ ಇವೆ. ಪೌಲರು ಗ್ರೀಕಿನಲ್ಲಿ ಬರೆದದ್ದು ‘ಅಗಾಪೆ’. ಲ್ಯಾಟಿನಿನಲ್ಲಿ ಅದು ‘ಕಾರಿತಾಸ್’ ಆಯಿತು. ಅದರಿಂದಲೇ 1582ರ ರೀಮ್ಸ್ ಹೊಸ ಒಡಂಬಡಿಕೆಯಲ್ಲೂ 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲೂ ‘ಚಾರಿಟಿ’ ಬಂತು. ಕಾಲಕ್ರಮದಲ್ಲಿ ಜನರ ಬಾಯಲ್ಲಿ ಅದರ ಅರ್ಥ ದಾನಧರ್ಮಕ್ಕೆ ಕುಗ್ಗಿತು. 2005ರಲ್ಲಿ ಪೋಪ್ 16ನೇ ಬೆನೆಡಿಕ್ಟರು ಬರೆದ ಮೊದಲ ವಿಶ್ವಪರಿಪತ್ರದ ಹೆಸರು ‘ದೇಉಸ್ ಕಾರಿತಾಸ್ ಎಸ್ತ್’, ಅಂದರೆ ದೇವರು ಪ್ರೀತಿ. ಅದನ್ನು ‘ದೇವರು ದಾನ’ ಎನ್ನಲಾದೀತೇ?

ಇದು ಬರೀ ನಿಘಂಟಿನ ಮಾತಲ್ಲ. 2023ರ ಬರದಲ್ಲಿ ಸವಣೂರು ಕಡೆಯ ಹಳ್ಳಿಯೊಂದರಲ್ಲಿ ನಾವು ಜೋಳ ಹಂಚಿದೆವು. ನಾನೇ ಮುಂದೆ ನಿಂತು ಸಾಲು ನಿಲ್ಲಿಸಿದೆ, ಚೀಟಿ ನೋಡಿದೆ, ಫೋಟೋ ತೆಗೆಸಿದೆ. ಕೊನೆಗೆ ಬಂದ ಮುದುಕಿಯೊಬ್ಬಳು, ‘ಜೋಳ ಕೊಟ್ರಿ, ದೇವರು ನಿಮಗ ಚೊಲೋ ಮಾಡ್ಲಿ. ಆದ್ರ ಕುಂದ್ರವಾ ಅಂತ ಒಬ್ಬರೂ ಅನ್ನಲಿಲ್ಲ ನೋಡ್ರಿ’ ಎಂದಳು. ಅಂದು ನಾನು ದಾನ ಮಾಡಿದ್ದೆ. ಪೌಲರು ಹೇಳಿದ್ದನ್ನು ಮಾಡಿರಲಿಲ್ಲ.

ಹಾಗಾದರೆ ಎಲ್ಲ ಕಡೆ ‘ಪ್ರೀತಿ’ ಎಂದು ಬರೆದರೆ ಸಾಕೇ? ಹಸಿದವನಿಗೆ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಫಲ ಎಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಕೇಳುತ್ತಾರೆ. ಕೈ ಬಿಚ್ಚದ ಪ್ರೀತಿ ಬರೀ ಬಾಯಿಮಾತು.

ನಮ್ಮ ಸೀಮೆಗೆ ಈ ಭೇದ ಹೊಸದಲ್ಲ. ಶರಣರು ದಾನಕ್ಕೂ ದಾಸೋಹಕ್ಕೂ ಅಂತರ ಕಂಡವರು. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮಠದ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಇದು ಗೊತ್ತು.

ಹುಡುಗನಿಗೆ ಹೇಳಿದೆ: ‘ಕಾಗದದ ಮೇಲೆ ಸಂದರ್ಭ ನೋಡಿ ಒಂದು ಕಡೆ ದಾನ, ಇನ್ನೊಂದು ಕಡೆ ಪ್ರೀತಿ ಅಂತ ಬರಿ. ಬದುಕಿನಾಗ ಮಾತ್ರ ಎರಡನ್ನೂ ಬ್ಯಾರೆ ಮಾಡಬ್ಯಾಡ.’

ಪ್ರಿಯರೇ, ನಿಮ್ಮ ಬಾಗಿಲಿಗೂ ಯಾರಾದರೂ ಬಂದಾರು. ರೊಟ್ಟಿ ಕೊಡಿರಿ. ಅದಕ್ಕೆ ಮೊದಲು ಹೆಸರು ಕೇಳಿ, ಕುಳ್ಳಿರಿಸಿರಿ.